ಮೊಡವೆಯ ಮುಲಾಮು ಮತ್ತು ಅಪ್ಪನ ನೀಲಿ ಶರ್ಟು

ಹೋದ ಭಾನುವಾರ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮಗಳ ದಿಂಬಿನ ಕವರು ಕೈಗೆ ಬಂತು. ಕಡುನೀಲಿ ಬಣ್ಣದ್ದು, ತಂದು ಒಂದು ತಿಂಗಳೂ ಆಗಿರಲಿಲ್ಲ. ಅದರ ನಡುವೆ ನಾಲ್ಕೈದು ಕಡೆ ಬಣ್ಣ ಹೋಗಿ ಬೆಳ್ಳಗೆ, ಅಂಚಿನಲ್ಲಿ ಕೊಂಚ ಕೆಂಪಗೆ ಮಚ್ಚೆಗಳಾಗಿದ್ದವು. ನನಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲೇ. "ಏನೇ ಚೆಲ್ಲಿದ್ದೀಯ ಇದರ ಮೇಲೆ?" ಎಂದು ಅಲ್ಲಿಂದಲೇ ಕೂಗಿದೆ. ಹದಿನೈದು ತುಂಬಿದ ಮಗಳು ಫೋನಿನಿಂದ ತಲೆ ಎತ್ತದೆ, "ಮೊಡವೆ ಜೆಲ್ ಅಮ್ಮಾ. ಅದು ಬಟ್ಟೆ ಬಣ್ಣ ತಿಂದುಹಾಕತ್ತೆ. ಬಿಳೀ ಟವೆಲ್ಲೇ ಇಟ್ಕೋ ಅಂತ ಡಾಕ್ಟರ್ ಹೇಳಿದ್ರಲ್ಲ" ಎಂದಳು. ಹೇಳಿದ್ದರೇನೋ, ನಾನು ಕೇಳಿಸಿಕೊಂಡಿರಲಿಲ್ಲ. ಒದ್ದೆ ಕವರನ್ನು ಹಿಡಿದುಕೊಂಡು ಹಾಗೇ ನಿಂತೆ. ಈ ಮಚ್ಚೆಯನ್ನು ನಾನು ಹಿಂದೆ ಎಲ್ಲೋ ನೋಡಿದ್ದೆ. ಇಂಥದೇ ನೀಲಿಯ ಮೇಲೆ, ಇಂಥದೇ ಬಿಳುಪು. ಎಲ್ಲಿ ಎಂದು ಹೊಳೆದ ಗಳಿಗೆಯಲ್ಲಿ, ವೈಟ್‌ಫೀಲ್ಡಿನ ಈ ಒಂಬತ್ತನೇ ಮಹಡಿಯಲ್ಲಿ, ಸೋಪಿನ ಪರಿಮಳದ ಆ ಬಟ್ಟೆಯಿಂದ ನನಗೆ ಲೇತ್ ಮೆಷೀನಿನ ಎಣ್ಣೆಯ ವಾಸನೆ ಬಂತು.

ಆ ವಾಸನೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿದ್ದೀತು. ಕಬ್ಬಿಣ ಕೊರೆಯುವಾಗ ಬಿಸಿ ಏರದಿರಲೆಂದು ಮೇಲಿಂದ ಸುರಿಸುವ, ಹಾಲಿನ ಹಾಗೆ ಕಾಣುವ ಎಣ್ಣೆನೀರಿನದು ಅದು. ಅಪ್ಪ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಓಡಿಸುತ್ತಿದ್ದ. ಲಗ್ಗೆರೆಯ ವಠಾರದಲ್ಲಿ ನಮ್ಮದು ನಾಲ್ಕನೇ ಮನೆ. ಮೇಲೆ ಶೀಟು, ಕೆಳಗೆ ಕೆಂಪು ಗಾರೆ, ಆರು ಮನೆಗಳಿಗೂ ಸೇರಿ ಅಂಗಳದಲ್ಲಿ ಒಂದು ನಲ್ಲಿ. ಶಿಫ್ಟ್ ಮುಗಿಸಿ ಬರುವ ಅಪ್ಪನಿಗಿಂತ ಮೊದಲು ಅವನ ವಾಸನೆ ತಿರುವು ದಾಟಿ ಬರುತ್ತಿತ್ತು. ನಲ್ಲಿಯ ಹತ್ತಿರ ತೋಳು ಮಡಚಿ, ಬಟ್ಟೆ ಒಗೆಯುವ ಪುಡಿ ಹಾಕಿ, ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದುಕೊಂಡು ಒಳಗೆ ಬರುತ್ತಿದ್ದ. ಆಮೇಲೆ ನನ್ನ ಕೆನ್ನೆಯನ್ನು ಎರಡು ಸಲ ತಟ್ಟಿ, "ಏನ್ ಮರಿ, ತಿಂದ್ಯಾ?" ಎನ್ನುತ್ತಿದ್ದ. ಅಂಗೈಯಿಂದ ತಟ್ಟುತ್ತಿರಲಿಲ್ಲ. ಎಷ್ಟು ತೊಳೆದರೂ ಅಂಗೈಯ ಗೆರೆಗಳಲ್ಲಿ ಕರಿ ಉಳಿಯುತ್ತಿದ್ದರಿಂದ ಬೆರಳುಗಳ ಹಿಂಬದಿಯಿಂದ ತಟ್ಟುತ್ತಿದ್ದ. ಆ ಗಟ್ಟಿ ಗೆಣ್ಣುಗಳು ಕೆನ್ನೆಗೆ ತಾಗುವವರೆಗೆ ನನಗೆ ಸಾಯಂಕಾಲ ಆದ ಹಾಗೇ ಅನ್ನಿಸುತ್ತಿರಲಿಲ್ಲ. ಮನೆಯಲ್ಲಿ ಇನ್ನೊಂದು ಎಣ್ಣೆಯೂ ಇತ್ತು. ಅಮ್ಮನ ತಾಯಿ, ಮಾಗಡಿ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಯಲ್ಲೇ ಉಳಿದಿದ್ದ ಅಜ್ಜಿ, ದಿನಾ ಬೆಳಿಗ್ಗೆ ಹರಳೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ನನ್ನ ತಲೆಗೆ ಸುರಿದು ಜಡೆ ಹಾಕುತ್ತಿದ್ದಳು. ಶಾಲೆ ತಲುಪುವಷ್ಟರಲ್ಲಿ ಅದು ಹುಬ್ಬಿನವರೆಗೆ ಇಳಿದಿರುತ್ತಿತ್ತು. ಅದನ್ನು ನಾವೆಲ್ಲ ಆರೋಗ್ಯ ಎಂದುಕೊಂಡಿದ್ದೆವು.

ಹತ್ತನೇ ತರಗತಿಗೆ ಕಾಲಿಟ್ಟ ಹೊತ್ತಿಗೆ ಮೊಡವೆಗಳು ಬಂದವು. ಮೊದಲು ಹಣೆಯ ಮೇಲೆ ಸಾಸಿವೆಯಷ್ಟು, ಆಮೇಲೆ ಎರಡೂ ಕೆನ್ನೆಯ ಮೇಲೆ ಕೆಂಪಗೆ, ಕೀವು ತುಂಬಿ, ಮಲಗಿದರೆ ದಿಂಬಿಗೆ ಒತ್ತಿ ನೋಯುವಷ್ಟು. ವಠಾರದ ಆರೂ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಮದ್ದು ಹೇಳಿದರು. ನಾನು ಎಲ್ಲವನ್ನೂ ಮಾಡಿದೆ. ಅರಿಶಿನ ಬಳಿದುಕೊಂಡು ಹಳದಿ ಮುಖದಲ್ಲಿ ಶಾಲೆಗೆ ಹೋದೆ. ನಿಂಬೆರಸ ಹಚ್ಚಿ ಉರಿ ತಾಳದೆ ಕುಣಿದೆ. ಟೂತ್‌ಪೇಸ್ಟ್ ಮೆತ್ತಿಕೊಂಡು ಮಲಗಿ ಬೆಳಿಗ್ಗೆ ಚರ್ಮ ಸುಟ್ಟುಕೊಂಡು ಎದ್ದೆ. ಉಗುರಿನಿಂದ ಚಿವುಟಿಕೊಂಡೆ. ಶಾಲೆಯಲ್ಲಿ ಮೊದಲ ಬೆಂಚು ಬಿಟ್ಟು ಕೊನೆಯ ಬೆಂಚಿಗೆ ಹೋದೆ, ಆಮೇಲೆ ವಾರಕ್ಕೆರಡು ದಿನ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯತೊಡಗಿದೆ. ಅಮ್ಮನಿಗೆ ಈ ಹುಡುಗಿ ಪರೀಕ್ಷೆಯನ್ನೇ ಬಿಟ್ಟಾಳು ಎಂಬ ಹೆದರಿಕೆ ಹತ್ತಿತು. ಆಗಲೇ ಒಂದು ಸಂಜೆ ಅಜ್ಜಿ ಕಾರಣ ಕಂಡುಹಿಡಿದದ್ದು. ಅಳಿಯನ ಎದುರು ನೇರ ಮಾತಾಡುವವಳಲ್ಲ ಅವಳು. ಅಪ್ಪ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ, ಸೊಪ್ಪು ಬಿಡಿಸುತ್ತ ಕೂತು ಅಮ್ಮನಿಗೆ ಹೇಳುವ ಹಾಗೆ ಹೇಳಿದಳು: "ಆ ಕಬ್ಬಿಣದೆಣ್ಣೆ ದಿನಾ ಮನೆ ಒಳೀಕೆ ಬತ್ತದಲ್ಲವ್ವ. ಟವಲ್ಲೂ ಒಂದೇ, ಚಾಪೇನೂ ಒಂದೇ. ಇಂಗಾದ್ರೆ ಮಗೀಗೆ ಮಖ ಕೆಡದೆ ಇನ್ನೇನಾದಾತು?"

ನಲ್ಲಿಯ ಸದ್ದು ಥಟ್ಟನೆ ನಿಂತಿತು. ಮರುದಿನದಿಂದ ಅಪ್ಪನಿಗೊಂದು ಬೇರೆ ಟವೆಲ್ಲು, ಬಾಗಿಲ ಹಿಂದೆ ಬೇರೆ ಮೊಳೆ. ಕೆಲಸದಿಂದ ಬಂದವನು ನೇರ ಬಚ್ಚಲಿಗೆ ಹೋಗಿ ತಲೆಯಿಂದ ಸ್ನಾನ ಮಾಡಿಯೇ ಒಳಗೆ ಬರತೊಡಗಿದ. ಮನೆಯೊಳಗೂ ಉದ್ದ ತೋಳಿನ ಶರ್ಟು ಹಾಕಿ, ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡು ಕೂರುತ್ತಿದ್ದ. ತನ್ನ ಕೈ ನಮಗೆ ತಾಗದಿರಲೆಂದು ಹೀಗೆ ಮಾಡುತ್ತಾನೆ ಎಂದುಕೊಂಡೆ. ನಾಚಿಕೆಯಾಗುತ್ತದೆ ಹೇಳಲು, ಆಗ ನನಗೆ ಸಮಾಧಾನವೇ ಆಗಿತ್ತು. ನನ್ನ ಮುಖ ಹೀಗಾದದ್ದಕ್ಕೆ ಒಬ್ಬರು ಕಾರಣರಾಗಿ ಸಿಕ್ಕಿದ್ದರು.

ಪರೀಕ್ಷೆಯ ಅರ್ಜಿಗೆ ಫೋಟೋ ಕೊಡಬೇಕಾಗಿ ಬಂದ ದಿನವನ್ನು ನಾನು ಮರೆಯಲಾರೆ. ಎಲ್ಲರೂ ಕೊಟ್ಟಾಗಿತ್ತು, ನಾನೊಬ್ಬಳೇ ಬಾಕಿ. ಅಮ್ಮ ಬೈದು, ಬೇಡಿಕೊಂಡು, ಕೊನೆಗೆ ಅತ್ತು ನನ್ನನ್ನು ಹೊರಡಿಸಿದ್ದಳು. ಇದ್ದಬದ್ದ ಪೌಡರನ್ನೆಲ್ಲ ಮೆತ್ತಿಕೊಂಡು ಬಾಗಿಲಿಗೆ ಬರುವುದಕ್ಕೂ ಅಪ್ಪ ಅಂಗಳಕ್ಕೆ ಬರುವುದಕ್ಕೂ ಸರಿಹೋಯಿತು. ಮಗಳು ಕೊನೆಗೂ ಹೊರಟಳೆಂಬ ಖುಷಿಗೆ ಅವನು ಎಲ್ಲ ಎಚ್ಚರವನ್ನೂ ಮರೆತ. "ಹೋಗ್ಬಿಟ್ಟು ಬಾ ಮರಿ" ಎಂದು ಬೆರಳ ಹಿಂಬದಿಯನ್ನು ಕೆನ್ನೆಯ ಹತ್ತಿರ ತಂದ. "ಮುಟ್ಬೇಡಪ್ಪಾ, ನಿನ್ನಿಂದಾನೇ ಇಷ್ಟೆಲ್ಲ ಆಗಿರೋದು" ಎಂದು ಕಿರುಚಿದೆ. ವಠಾರದ ಬಾಗಿಲುಗಳಲ್ಲಿ ಮುಖಗಳು ಕಂಡವು. ಅಪ್ಪ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಒಂದು ಗಳಿಗೆ ಹಾಗೇ ಹಿಡಿದಿದ್ದು, ಆಮೇಲೆ ಜೇಬಿಗೆ ಹಾಕಿಕೊಂಡ. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಮೊಡವೆಗಿಂತ ಹೆಚ್ಚಾಗಿ ನನ್ನ ಸಿಟ್ಟೇ ಕಾಣುತ್ತದೆ.

ಚರ್ಮದ ಡಾಕ್ಟರಿಗೆ ತೋರಿಸೋಣ ಎಂದದ್ದು ಅಪ್ಪನೇ. ರಜೆ ಹಾಕಿ, ಒಗೆದು ಇಸ್ತ್ರಿ ಮಾಡಿದ ನೀಲಿ ಯೂನಿಫಾರ್ಮನ್ನೇ ತೊಟ್ಟು ಬಂದ, ಅವನ ಬಳಿ ಅದಕ್ಕಿಂತ ಒಳ್ಳೆಯ ಶರ್ಟು ಇರಲಿಲ್ಲ. ಡಾಕ್ಟರು ನಡುವಯಸ್ಸಿನ ಹೆಂಗಸು. ನನ್ನ ಮುಖವನ್ನು ದೀಪದ ಕಡೆ ತಿರುಗಿಸಿ ನೋಡಿದರು. "ಇದು ವಯಸ್ಸಿಗೆ ಬರೋದು. ಕೊಳೆಯಿಂದಲ್ಲ, ಯಾರ ತಪ್ಪಿಂದಲೂ ಅಲ್ಲ. ತಲೆ ಎಣ್ಣೆ ಹಣೆಗೆ ಇಳೀತಿದೆ ನೋಡಿ, ಅದನ್ನ ನಿಲ್ಸಿ. ಚಿವುಟಬೇಡಮ್ಮ, ಗುಳಿ ಬೀಳತ್ತೆ" ಎಂದರು. ಅಮ್ಮ ತಡೆಯಲಾರದೆ ಅಪ್ಪನ ಕೆಲಸದ ಎಣ್ಣೆಯ ವಿಷಯ ಎತ್ತಿದಳು. ಡಾಕ್ಟರು ನಕ್ಕರು. ಆ ಎಣ್ಣೆ ತಾಗಿದ ಚರ್ಮವನ್ನು ಮಾತ್ರ ಕಾಡುತ್ತದೆ, ಇನ್ನೊಬ್ಬರ ಮುಖಕ್ಕೆ ನಡೆದು ಹೋಗುವುದಿಲ್ಲ ಎಂದರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಅಪ್ಪನ ಕಡೆ ತಿರುಗಿ, "ಎಣ್ಣೆ ಕೆಲಸದವರಿಗೆ ತೋಳಲ್ಲಿ ಇಂಥದೇ ಗುಳ್ಳೆ ಏಳತ್ತೆ. ನಿಮಗಿದ್ಯಾ?" ಎಂದು ಕೇಳಿದರು. ಅಪ್ಪ ಮಣಿಕಟ್ಟಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡು, "ಇಲ್ಲ ಮೇಡಂ" ಎಂದ.

ಕೊಟ್ಟದ್ದು ಒಂದು ಜೆಲ್ಲಿನ ಟ್ಯೂಬು. ರಾತ್ರಿ ಮುಖ ತೊಳೆದು ಒರೆಸಿ, ಬಟಾಣಿ ಕಾಳಿನಷ್ಟು ಮಾತ್ರ, ಮೊಡವೆಗೆ ಚುಕ್ಕೆ ಇಡದೆ ಇಡೀ ಮುಖಕ್ಕೆ ತೆಳ್ಳಗೆ ಸವರಬೇಕು. ಎರಡು ಮೂರು ತಿಂಗಳು ಬಿಡದೆ ಹಚ್ಚಬೇಕು, ಮೊದಲು ಉರಿದು ಸಿಪ್ಪೆ ಏಳುತ್ತದೆ, ಹೆದರಬಾರದು. ಹೆದರದೆ ಇರುವುದು ಹೇಗೆ? ಹತ್ತೇ ದಿನಕ್ಕೆ ಮುಖ ಹಳೇ ಗೋಡೆಯ ಹಾಗೆ ಸುಲಿಯತೊಡಗಿತು. ತಲೆಗೆ ಎಣ್ಣೆ ಬೇಡವೆಂದದ್ದಕ್ಕೆ ಅಜ್ಜಿ ಮುನಿಸಿಕೊಂಡು ನನ್ನ ಜೊತೆ ಮಾತು ಬಿಟ್ಟಿದ್ದಳು. ಅಮ್ಮ ನಿಲ್ಲಿಸೋಣವೇ ಎಂದು ದಿನಾ ಕೇಳುತ್ತಿದ್ದಳು. ಪರೀಕ್ಷೆ ಹತ್ತಿರವಾಗುತ್ತಿತ್ತು. ನಾನು ಗಳಿಗೆಗೊಮ್ಮೆ ಕನ್ನಡಿ ನೋಡುತ್ತಿದ್ದೆ, ಇವತ್ತು ಒಂದು ಕಡಿಮೆಯಾಗಿದೆ ಎಂದು, ಇಲ್ಲ ಎರಡು ಹೆಚ್ಚಾಗಿದೆ ಎಂದು. ನನ್ನ ದಿಂಬಿನ ಕವರನ್ನು ಅಮ್ಮ ಅಪ್ಪನ ಹಳೇ ಬಿಳಿ ಪಂಚೆ ಹರಿದು ಹೊಲಿದಿದ್ದಳು, ಹಾಗಾಗಿ ಆ ಜೆಲ್ಲಿಗೆ ಬಣ್ಣ ತಿನ್ನುವ ಗುಣವಿದೆಯೆಂದು ನಮಗೆ ಗೊತ್ತಾಗಲೇ ಇಲ್ಲ. ಆ ದಿನಗಳಲ್ಲೇ ಅಮ್ಮ ಅಪ್ಪನ ಯೂನಿಫಾರ್ಮು ಒಗೆಯುತ್ತ, ತೋಳು ತಿರುವಿ ನನಗೆ ತೋರಿಸಿ ಗೊಣಗುತ್ತಿದ್ದದ್ದು ನೆನಪಿದೆ, "ಅದೇನ್ ದರಿದ್ರ ಸೋಪೋ, ತೋಳಿನ ಒಳಗಡೆಯೆಲ್ಲ ಬಣ್ಣ ಹೋಗಿದೆ" ಎಂದು.

ಎರಡು ತಿಂಗಳು ಬರಬೇಕಾದ ಟ್ಯೂಬು ಒಂದೇ ತಿಂಗಳಿಗೆ ಹಿಂಡಿದರೂ ಬಾರದಂತಾಯಿತು. ನಾನು ಮನೆಯಲ್ಲಿ ರಂಪ ಮಾಡಿದೆ. "ಯಾರು ನನ್ನ ಔಷಧಿ ಮುಟ್ತಿರೋದು? ಯಾರಿಗೂ ನಾನು ನೆಟ್ಟಗಾಗೋದು ಬೇಕಿಲ್ಲ ಅಲ್ವಾ?" ಎಂದು ಕೂಗಾಡಿದೆ. ಅಜ್ಜಿ ಮುನಿಸು ಮರೆತು ದೇವರಾಣೆ ಹಾಕಿದಳು. ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟು, "ನಾನೇ ಕಣ್ ಮರಿ. ಬೆಳಿಗ್ಗೆ ಕತ್ತಲಲ್ಲಿ ಪೇಸ್ಟು ಅಂದ್ಕೊಂಡು ಬ್ರಷ್ಷಿಗೆ ಹಾಕ್ಕೊಂಬಿಟ್ಟಿದ್ದೆ ಎರಡ್ ಮೂರ್ ಸಲ" ಎಂದ. ಎಲ್ಲರೂ ನಕ್ಕುಬಿಟ್ಟೆವು. "ಇನ್ಮೇಲೆ ಮುಟ್ಟಲ್ಲ ಬಿಡು" ಎಂದ ಅವನು, ಸಂಜೆ ಹೊಸ ಟ್ಯೂಬು ತಂದು ನನ್ನ ಪುಸ್ತಕದ ಮೇಲೆ ಇಟ್ಟ.

ಪರೀಕ್ಷೆಯ ಹೊತ್ತಿಗೆ ಮುಖ ತಿಳಿಯಾಯಿತು. ಚಿವುಟಿಕೊಂಡ ಕಡೆ ಮೂರು ಗುಳಿಗಳು ಉಳಿದವು, ಈಗಲೂ ಇವೆ. ಕೊನೆಯ ಪರೀಕ್ಷೆ ಬರೆದು ಬಂದ ದಿನ ಅಪ್ಪ ನನ್ನನ್ನೇ ನೋಡುತ್ತ, "ಈಗ ನೋಡು, ನನ್ ಮರಿ ಮುಖ ಕಾಣ್ತದೆ" ಎಂದ. ಅವನ ಕೈ ಮೇಲೆದ್ದಿತು. ನಾನು ಕೆನ್ನೆಯನ್ನು ಕೊಂಚ ಮುಂದೆಯೂ ತಂದೆನೆಂದು ನನ್ನ ನೆನಪು. ಆದರೆ ಆ ಕೈ ದಾರಿ ತಪ್ಪಿದ ಹಾಗೆ ಹೋಗಿ ಅವನದೇ ತಲೆಗೂದಲನ್ನು ಸರಿಮಾಡಿಕೊಂಡಿತು. ಆಮೇಲೆ ಎಂದೂ ಅವನು ನನ್ನ ಕೆನ್ನೆ ಮುಟ್ಟಲಿಲ್ಲ. ಮದುವೆಯ ದಿನ ಕಾಲಿಗೆ ಬಿದ್ದಾಗಲೂ ಹೆಗಲ ಮೇಲಿನ ಸೆರಗನ್ನಷ್ಟೇ ಮುಟ್ಟಿ ಎಬ್ಬಿಸಿದ. ನಾನೂ ಕೇಳಲಿಲ್ಲ, ಅಪ್ಪನಲ್ಲವೇ, ಎಲ್ಲಿಗೆ ಹೋಗುತ್ತಾನೆ ಎಂದುಕೊಂಡಿದ್ದೆ. ಅಜ್ಜಿ ಹೋದಳು, ವಠಾರವನ್ನು ಕೆಡವಿ ನಾಲ್ಕು ಅಂತಸ್ತಿನ ಪೀಜಿ ಕಟ್ಟಿದರು, ನಲ್ಲಿ ಇದ್ದ ಜಾಗದಲ್ಲಿ ಈಗ ಬೈಕುಗಳು ನಿಲ್ಲುತ್ತವೆ. ಆರು ವರ್ಷದ ಹಿಂದೆ ಅಪ್ಪನೂ ಹೋದ.

ಒದ್ದೆ ಕವರನ್ನು ಹಿಡಿದುಕೊಂಡೇ ಅಮ್ಮನ ಕೋಣೆಗೆ ಹೋದೆ. ಈಗ ಅವಳು ನಮ್ಮ ಜೊತೆಗೇ ಇದ್ದಾಳೆ. "ಅಮ್ಮಾ, ಅಪ್ಪನ ತೋಳಲ್ಲಿ ಗುಳ್ಳೆ ಇತ್ತಾ?" ಎಂದು ಕೇಳಿದೆ. ಅವಳು ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಇತ್ತಲ್ಲ. ಮೊಣಕೈವರೆಗೂ ಇತ್ತು. ಕೀವಾಗಿ ಶರ್ಟಿಗೆ ಅಂಟ್ಕೊಳ್ಳೋದು ಪಾಪ. ಎಣ್ಣೆ ಕೆಲಸದೋರಿಗೆಲ್ಲ ಅದು ಇದ್ದಿದ್ದೇ ಅನ್ನೋರು. ನಿಂಗೆ ಹೇಳ್ಬೇಡ ಅಂದಿದ್ರು ನಿಮ್ಮಪ್ಪ, ನನ್ನಿಂದಾನೇ ಬಂತು ಅಂದ್ಕೋತಾಳೆ ಮಗು ಅಂತ" ಎಂದಳು. ಅಪ್ಪ ಕದ್ದು ಹಚ್ಚಿಕೊಂಡ ಜೆಲ್ಲಿನ ವಿಷಯ ಅವಳಿಗೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಹೇಳಲಾರದ್ದು ಇನ್ನೂ ಒಂದಿದೆ. ಆ ವರ್ಷ ಯುಗಾದಿ ಕಳೆದ ಮೇಲೆ ಅಪ್ಪನಿಗೆ ಶೆಡ್ಡಿನಿಂದ ಎರಡು ಹೊಸ ನೀಲಿ ಶರ್ಟು ಕೊಟ್ಟಿದ್ದರು. ಪರೀಕ್ಷೆ ಮುಗಿದು ನನಗೆ ರಜೆ. ನಲ್ಲಿಯ ಹತ್ತಿರ ಕೂತು ಅವನ್ನು ನಾನೇ ಒಗೆಯುತ್ತಿದ್ದೆ, ತೋಳುಗಳನ್ನು ಒಳಮಗ್ಗುಲು ತಿರುವಿ, ಅಲ್ಲಿ ಅಂಟಿದ ಹಳದಿ ಕಲೆಗಳನ್ನು ಎಣ್ಣೆಯದೆಂದುಕೊಂಡು ಉಜ್ಜುತ್ತಿದ್ದೆ. ಇಡೀ ರಜೆ ಒಗೆದೆ. ಆ ಶರ್ಟುಗಳ ತೋಳಿನಲ್ಲಿ ಒಂದು ಬಿಳಿ ಮಚ್ಚೆಯೂ ಇರಲಿಲ್ಲ.