ನಿಪ್ಪಾಣಿ ಕಡೆ ಕಟ್ಟಿದ ಒಂದು ಗೋಡೆ

ಶನಿವಾರ ನಸುಕಿನಲ್ಲಿ ತೆಲಸಂಗ ಬಿಟ್ಟೆವು. ಮೋಟರ್ ಸೈಕಲ್ ನನ್ನದು, ಹಿಂದೆ ಕೂತವಳು ಮಗಳು ಸುಜಾತಾ. ನಾನು ಗೌಂಡಿ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಕರಣಿ ಹಿಡಿದವನು. ಅಥಣಿಯಿಂದ ನಿಪ್ಪಾಣಿಯ ತನಕ ನಾನು ಕಟ್ಟಿದ ಮನೆಗಳಿವೆ, ಇಂದಿಗೂ ಒಂದೂ ಬಿರುಕು ಬಿಟ್ಟಿಲ್ಲ. ಮಗಳು ಎಂ.ಎ. ಕೊನೆಯ ವರ್ಷ, ಅಪರಾಧಶಾಸ್ತ್ರ. ಕಳ್ಳರು ಬರದಿರಲೆಂದು ನಾನು ಕಂಪೌಂಡ್ ಗೋಡೆಗೆ ಗಾಜಿನ ಚೂರು ನೆಟ್ಟೆ. ಶಿಕ್ಷೆ ಮುಗಿಸಿ ಬಂದವರನ್ನು ಊರು ಹೇಗೆ ಕಾಣುತ್ತದೆ ಎಂದು ಅವಳು ಮನೆ ಮನೆ ತಿರುಗಿ ಕೇಳುತ್ತಾಳೆ. ಅದೇ ಅವಳ ಪ್ರಬಂಧದ ವಿಷಯ.

ಪ್ರಬಂಧಕ್ಕೆ ಒಂದೇ ತೊಡಕು. ಅವಳು ಮಾತಾಡಿಸಿದವರೆಲ್ಲ ಗಂಡಸರು. ಗೈಡ್ ಮೇಡಮ್ ಖಡಕ್ಕಾಗಿ ಹೇಳಿದ್ದರು: ಸೋಮವಾರದೊಳಗೆ ಒಬ್ಬ ಹೆಣ್ಣುಮಗಳ ಮಾತಾದರೂ ಸೇರಬೇಕು, ಇಲ್ಲವಾದರೆ ಮುಂದಿನ ವರ್ಷ ನೋಡೋಣ. ಶಿಕ್ಷೆ ಮುಗಿಸಿ ಬಂದ ಇಬ್ಬರು ಹೆಂಗಸರು ಫೋನಿನಲ್ಲಿ ಒಪ್ಪಿದ್ದರು. ಒಬ್ಬರು ರಾಯಬಾಗ ತಾಲೂಕಿನವರು, ಇನ್ನೊಬ್ಬರು ನಿಪ್ಪಾಣಿ ಕಡೆಯವರು.

ಅಥಣಿಯಲ್ಲಿ ಮುನ್ನೂರು ರೂಪಾಯಿಯ ಪೆಟ್ರೋಲು ಹಾಕಿಸಿದೆ. ಅಲ್ಲಿಂದ ಸೀದಾ ಹೋಗಬಹುದಿತ್ತು, ಆದರೆ ನಾನು ಕಟ್ಟಿದ ಎರಡಂತಸ್ತಿನ ಮನೆಯೊಂದನ್ನು ಮಗಳಿಗೆ ತೋರಿಸಬೇಕೆಂದು ಕಾಗವಾಡದ ಮೇಲೆ ಬಳಸಿ ಹೋದೆ. ಚಳಿಗೆ ಬೆರಳು ಮರಗಟ್ಟಿದ್ದವು. ಅಲ್ಲಿ ಚಹಾದಂಗಡಿಯ ಬಾಳಪ್ಪ ನನ್ನ ಹಳೆಯ ಗೆಳೆಯ.

"ಏನಲೇ ಗೌಂಡಿ, ಮಗಳ್ನ ಕರ್ಕೊಂಡ್ ಹೊಂಟೀದಿ, ವರಾ ನೋಡಾಕೇನು?"

"ಜೈಲಿಗೆ ಹೋಗಿ ಬಂದವ್ರನ್ನ ನೋಡಾಕ."

ಚಹಾ ಸೋಸುತ್ತಿದ್ದ ಕೈ ನಿಂತಿತು. "ಅಂಥಾ ವರಾ ಯಾಕ ಬೇಕೋ ಯಪ್ಪಾ! ನಮ್ಮ ತಮ್ಮನ ಮಗಾ ಅದಾನಲ್ಲ, ಫ್ಯಾಕ್ಟರ್ಯಾಗ ನೌಕರಿ!"

"ಕಾಕಾ, ಅಂವಾ ಒಮ್ಮೆ ಜೈಲಿಗೆ ಹೋಗಿ ಬರ್ಲಿ, ಆಮ್ಯಾಲ ನೋಡ್ತೀನಿ" ಎಂದಳು ಸುಜಾತಾ. ಬಾಳಪ್ಪ ಬಿದ್ದು ಬಿದ್ದು ನಕ್ಕ, ಚಹಾದ ದುಡ್ಡು ಮುಟ್ಟಲಿಲ್ಲ.

ಕುಡಚಿಯ ಹತ್ತಿರ ಕೃಷ್ಣೆ ದಾಟಿದೆವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ರಾಯಬಾಗ ತಲುಪುವಷ್ಟರಲ್ಲಿ ಬಿಸಿಲೇರಿತ್ತು. ಅಲ್ಲಿಂದ ಒಳದಾರಿಯ ಒಂದು ಊರಿಗೆ ಹೋದೆವು. ಬಾಗಿಲಲ್ಲಿ ನಿಂತ ಮುದುಕಿ ನಮ್ಮನ್ನು ಒಳಗೆ ಕರೆಯಲಿಲ್ಲ. "ನಮ್ಮ ಮನ್ಯಾಗ ಅಂಥಾವ್ರ ಯಾರೂ ಇಲ್ರಿ" ಎಂದಳು. ಅವಳ ಹೆಗಲ ಹಿಂದೆ ಒಬ್ಬ ಹೆಣ್ಣುಮಗಳು ಬೇಡವೆಂದು ತಲೆಯಾಡಿಸಿದ್ದು ನಮಗಿಬ್ಬರಿಗೂ ಕಂಡಿತು. ಸುಜಾತಾ ಕೈಮುಗಿದು ಹಿಂದಿರುಗಿಬಿಟ್ಟಳು.

ನನಗೆ ಸಿಟ್ಟು ಬಂತು. "ಇಷ್ಟ ದೂರ ಬಂದು, ಇನ್ನೊಂದ್ ಮಾತ ಕೇಳಬಾರದಿತ್ತೇನ?"

"ಒಲ್ಲೆ ಅನ್ನೂದು ಅವರ ಹಕ್ಕೈತಿ ಅಪ್ಪಾ. ಗಾಡಿ ಹೊಡಿ."

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಬಳಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ಸುಜಾತಾ ನಿಪ್ಪಾಣಿ ಕಡೆಯವರಿಗೆ ಮತ್ತೆ ಮತ್ತೆ ಫೋನು ಹಚ್ಚಿದಳು. ಎತ್ತಲಿಲ್ಲ. ಅರ್ಧ ರೊಟ್ಟಿ ಹಾಗೇ ಮಡಚಿಟ್ಟಳು. ತಿರುಗಿ ಹೋಗೋಣವೇ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ, ನಿಪ್ಪಾಣಿ ಕಡೆಗೇ ಗಾಡಿ ಹೊಡೆದೆ.

ನಿಪ್ಪಾಣಿ ಅಲ್ಲಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು. ದಾರಿಯುದ್ದಕ್ಕೂ ತಂಬಾಕಿನ ಹೊಲ, ಅಂಗಡಿಗಳಲ್ಲಿ ಮರಾಠಿ ಮಾತು. ಅಕ್ಕೋಳದ ಆಚೆಗಿನ ಆ ಊರಿನ ಹೆಸರನ್ನು ಬರೆಯಬಾರದೆಂದು ಮಗಳ ಕಟ್ಟಪ್ಪಣೆ, ಬರೆಯುವುದಿಲ್ಲ.

ಆ ಹೆಂಗಸಿಗೆ ಐವತ್ತರ ಮೇಲೆ ವಯಸ್ಸು. ಅಣ್ಣನ ಹಿತ್ತಲಿನಲ್ಲಿ ಒಂದು ಕೋಣೆ ಅವಳದು. ಅದಕ್ಕೆ ಹೊಂದಿಕೊಂಡು ಸೊಂಟದೆತ್ತರಕ್ಕೆ ನಿಂತಿದ್ದ ಜಳಕದ ಮನೆಯ ಗೋಡೆ. ಅವಳ ಮೊಣಕೈತನಕ ಸಿಮೆಂಟು.

"ಫೋನ್ ಹ್ಯಾಂಗ ಎತ್ಲಿ ಬಾಳಾ?" ಎಂದಳು ಸುಜಾತಾಳಿಗೆ; ಬಾಳಾ ಎಂದರೆ ಮರಾಠಿಯಲ್ಲಿ ಮಗು. "ಸಿಮೆಂಟಿನ ಮಾಲ ಕಲಸಿಟ್ಟೀನಿ, ಬಂದಿದ್ದ ಗೌಂಡಿಗೆ ಯಾರೋ ನನ್ನ ಸುದ್ದಿ ಕಿವ್ಯಾಗ ಊದಿದ್ರು, ಓಡಿ ಹೋದಾ. ಬಿಸಿಲಿಗೆ ಎಲ್ಲಾ ಗಟ್ಟಿ ಆಗಾಕತ್ತೈತಿ. ಇವತ್ತ ಮಾತಾಡಾಕ ಆಗಂಗಿಲ್ಲ."

ನನ್ನ ಕರಣಿಯೂ ಗೋಡೆಯ ನೇರ ನೋಡುವ ಒಳಂಬಿಯೂ ಗಾಡಿಯ ಚೀಲ ಬಿಟ್ಟು ಇಳಿದದ್ದೇ ಇಲ್ಲ. ತೆಗೆದೆ. "ಅಕ್ಕಾ, ನಾನೂ ಗೌಂಡೀನ. ಸ್ವಲ್ಪ ಬಾಜೂ ಸರೀರಿ."

"ದಾದಾ, ನಾ ಎಲ್ಲಿಂದ ಬಂದೀನಿ ಗೊತ್ತೈತೇನು?"

"ನನಗ ಗೊತ್ತೈತಿ. ಮಾಲಿಗೆ ಗೊತ್ತಿಲ್ಲ. ಅದು ಗಟ್ಟಿ ಆಗತೈತಿ."

ಇನ್ನು ಇವಳು ಮಾತಾಡುತ್ತಾಳೆ, ಕೆಲಸ ಆಯಿತು ಎಂದುಕೊಂಡೆ. ಅಷ್ಟರಲ್ಲಿ ಸುಜಾತಾ ಮುಂದೆ ಬಂದು, "ಮಾವಶೀ, ಅಪ್ಪ ಗೋಡಿ ಕಟ್ಯಾನಂತ ನೀವು ಮಾತಾಡಬೇಕಂತಿಲ್ಲ. ಒಲ್ಲೆ ಅಂದ್ರ ಗೋಡಿ ಮುಗಿಸಿ ಸುಮ್ಮನ ಹೋಗ್ತೀವಿ" ಅಂದುಬಿಟ್ಟಳು. ನನ್ನ ಕೈಯಲ್ಲಿನ ಇಟ್ಟಂಗಿ ಜಾರುವುದೊಂದು ಬಾಕಿ. ಒಂದು ವರ್ಷದ ಓದು, ಈ ಹುಡುಗಿ ತಾನಾಗಿಯೇ ಬಾವಿಗೆ ಹಾಕಿದಳಲ್ಲ!

ಆ ಹೆಂಗಸು ಕೈಯ ಸಿಮೆಂಟು ತೊಳೆದುಕೊಂಡಳು. "ಒಳಗಿದ್ದಾಗೂ, ಹೊರಗ ಬಂದ ಮ್ಯಾಲೂ, ಒಲ್ಲೆ ಅನ್ನಾಕ ಯಾರೂ ನನ್ನ ಬಿಟ್ಟಿದ್ದಿಲ್ಲ. ಕುಂದರ ಬಾಳಾ. ಹೇಳ್ತೀನಿ."

ಅವರಿಬ್ಬರೂ ಗೋಡೆಯ ಒಳಬದಿಗೆ ಕೂತರು, ನಾನು ಹೊರಗೆ. "ಅಪ್ಪಾ, ನೀ ಕೇಳಿಸ್ಕೋಬ್ಯಾಡ" ಎಂದಳು ಮಗಳು. ಕಿವಿ ಎಲ್ಲಿ ಬಚ್ಚಿಡಲಿ? ಏನು ತಪ್ಪು ಮಾಡಿದ್ದಿ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು, "ಮನಿಗೆ ಬಂದ ದಿನ ಮೊದಲ ಏನ ಉಂಡ್ರಿ?" ಉತ್ತರ ಬರುವಷ್ಟರಲ್ಲಿ ನಾನು ಒಂದು ವರಸೆ ಇಟ್ಟಂಗಿ ಏರಿಸಿದ್ದೆ. ವರಸೆ ಏರಿದಂತೆ ಮಾತು ಮಂದವಾಯಿತು. ಮೊದಲು ಅವರ ಮುಖ ಮರೆಯಾಯಿತು, ಆಮೇಲೆ ತಲೆ. ಒಮ್ಮೆ ಅಳು ಕೇಳಿತು. ಬಹಳ ಹೊತ್ತಿನ ಮೇಲೆ ಇಬ್ಬರ ನಗು, ಗೋಡೆ ದಾಟಿ ಬರುವಂಥ ನಗು. ನಡುವೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನೇ ಕಟ್ಟಿದ ಗೋಡೆ ನನ್ನನ್ನೇ ಹೊರಗಿಟ್ಟಿತು, ಅಷ್ಟು ಚೊಕ್ಕ ಕೆಲಸ.

ಓಡಿಹೋದ ಗೌಂಡಿ ಮೊದಲೇ ಕಟ್ಟಿದ್ದ ಕೆಳಭಾಗಕ್ಕೆ ನಾನು ಪ್ಲಾಸ್ಟರ್ ಎಳೆಯುತ್ತಿದ್ದಾಗ ಇಬ್ಬರೂ ಹೊರಬಂದರು. ಸುಜಾತಾ ಮಾತೆಲ್ಲ ರೆಕಾರ್ಡ್ ಆದ ಫೋನನ್ನು ಎದೆಗೊತ್ತಿಕೊಂಡಿದ್ದಳು. ಅವಳ ಮುಖ ನೋಡಿಯೇ ತಿಳಿಯಿತು, ಪ್ರಬಂಧ ಪೂರ್ತಿಯಾಗಿದೆ ಎಂದು. ಆ ಪ್ರಬಂಧಕ್ಕೆ ಮುಂದೆ ಪ್ರಥಮ ದರ್ಜೆ ಬಂತು. ತೆಲಸಂಗದ ಓಣಿ ಓಣಿಗೆ ನಾನೇ ಪೇಡೆ ಹಂಚಿದೆ.

"ನನ್ನ ಹೆಸರ ಬರೀ ಅದರಾಗ" ಎಂದಳು ಹೆಂಗಸು.

"ಬರಿಯಂಗಿಲ್ಲ ಮಾವಶೀ. ಅದು ನಮ್ಮ ಕಟ್ಟಳಿ."

"ನಿಮ್ಮ ಕಟ್ಟಳಿ ನಿಮಗ. ದಾದಾ, ಕರಣಿ ಕೊಡು."

ಹಿತ್ತಲ ಹಿಂದಿನ ಬೀದಿಯ ಕಡೆಗಿದ್ದ ಹಸಿ ಪ್ಲಾಸ್ಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕರಣಿಯ ತುದಿಯಿಂದ ತನ್ನ ಹೆಸರಿನ ಒಂದೊಂದೇ ಅಕ್ಷರ ಕೊರೆದಳು. "ಬರಿಯಾಕ ಅಲ್ಲೇ ಒಳಗ ಕಲ್ತದ್ದು" ಎಂದಳು, ನಮ್ಮ ಕಡೆ ನೋಡದೆ. ಅಕ್ಷರಗಳು ಅಂಗೈಯಗಲ ಇದ್ದವು.

ಹೊತ್ತು ಮುಳುಗುವ ಮೊದಲು ಹೊರಟೆವು. ತಿರುವಿನಲ್ಲಿ ಗಾಡಿ ನಿಧಾನ ಮಾಡಿ ಹಿಂದೆ ನೋಡಿದೆ. ಅವಳು ತಂಬಿಗೆಯಿಂದ ಗೋಡೆಗೆ ನೀರು ಚಿಮುಕಿಸುತ್ತಿದ್ದಳು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಗೋಡೆ ಓದುತ್ತಿದ್ದರು. ಅವಳು ಒಳಗೆ ಹೋಗಲಿಲ್ಲ.