ನೀಲವ್ವ ತುಂಬಿದ ಬಾಟಲಿ

ಮಗಳ ಮೂತ್ರದಲ್ಲಿ ಹುಳುವಿನ ಕುರುಹು ಸಿಕ್ಕಿದೆ ಎಂದು ನಾನು ತಿಳಿಸಿದ ಕೂಡಲೇ ಸೊರಟೂರಿನ ನೀಲವ್ವ, ಸೋಸುತ್ತಿದ್ದ ಹಕ್ಕರಿಕಿ ಸೊಪ್ಪು ಬಿಟ್ಟು ಎದ್ದು ಬಾಗಿಲು ಮುಂದೆ ಮಾಡಿದಳು.

"ಅಕ್ಕಾರ, ಅದು ಅಕಿದಲ್ರಿ, ನಂದು" ಎಂದಳು.

ಊರೂರು ತಿರುಗಿ ಪರೀಕ್ಷೆಗೆ ಮೂತ್ರ ಸಂಗ್ರಹಿಸುವುದು ನನ್ನ ಕೆಲಸ. ಲಾಡಿಹುಳುವಿನ ಮರಿ ಮಿದುಳು ಸೇರಿದರೆ ಫಿಟ್ಸ್ ಬರಬಹುದು; ಅದರ ಕುರುಹು ಮೂತ್ರದಲ್ಲೂ ಸಿಗುವುದುಂಟು. ಮಾಂಸ ಮುಟ್ಟದ ಮನೆಗೂ ಸರಿಯಾಗಿ ತೊಳೆಯದ ಹಸಿ ಸೊಪ್ಪಿನ ಜೊತೆ ಅದರ ಮೊಟ್ಟೆ ಬರುತ್ತದೆ. ನೀಲವ್ವನ ಮಗಳಿಗೆ ಆಗಾಗ ಫಿಟ್ಸ್ ಬರುತ್ತಿತ್ತು; ಗಂಡಿನ ಕಡೆಯವರು ನೋಡಲು ಬರುವವರಿದ್ದರು. ಮಗಳಿಗೆ ರೋಗದ ಹೆಸರು ಅಂಟದಿರಲೆಂದು ತಾಯಿ ತನ್ನ ಮೂತ್ರವನ್ನೇ ತುಂಬಿ ಕೊಟ್ಟಿದ್ದಳು. ತನಗೆ ಒಮ್ಮೆಯೂ ಫಿಟ್ಸ್ ಬಂದಿಲ್ಲವಲ್ಲ ಎಂಬ ಧೈರ್ಯ.

ಆಮೇಲೆ ಮಗಳದ್ದನ್ನು ಪರೀಕ್ಷಿಸಿದರೆ ಕುರುಹು ಸಿಗಲಿಲ್ಲ. ಇಷ್ಟರಿಂದಲೇ ಹುಳು ಇಲ್ಲ ಎನ್ನಲಾಗದು, ಇಬ್ಬರ ತಲೆಯನ್ನೂ ಸ್ಕ್ಯಾನ್ ಮಾಡಿಸಬೇಕು ಎಂದರು ಡಾಕ್ಟರು.

ಸ್ಕ್ಯಾನಿಂಗ್ ದಿನ ನೀಲವ್ವ ಮಗಳನ್ನು ಗದಗಿಗೆ ಕರೆತಂದಳು. ಡಾಕ್ಟರು ಇಬ್ಬರಿಗೂ ಬರೆದುಕೊಟ್ಟಿದ್ದ ಚೀಟಿಗಳಲ್ಲಿ ಮಗಳದ್ದು ಮಾತ್ರ ಕೈಯಲ್ಲಿತ್ತು. ಕುರುಹು ಸಿಕ್ಕಿದ್ದು ನಿಮ್ಮಲ್ಲಿ ಎಂದು ನೆನಪಿಸಿದೆ. ನನ್ನನ್ನೇ ಸಮಾಧಾನ ಮಾಡುವವಳಂತೆ ನಕ್ಕಳು.

"ಇರ್ಲಿ ಬಿಡ್ರಿ. ನನ್ನ ಲಗ್ನ ಮಾಡೋದೈತೇನ್ರಿ ಈಗ?"