ಬಿಡುಗಡೆ ಪತ್ರಕ್ಕಾಗಿ ಮೂರು ಬೆಳಗ್ಗೆ

ಕೆಲಸ ಕಳೆದುಕೊಂಡವರನ್ನು ಒಟ್ಟಿಗೆ ಕೂರಿಸಿ ಧೈರ್ಯ ಹೇಳುವ ಸಭೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕುರ್ಚಿಗಳ ವಿಷಯ ಹೇಳುತ್ತೇನೆ. ಅವನ್ನು ದುಂಡಗೆ ಹಾಕಿರುತ್ತಾರೆ. ಯಾರ ಬೆನ್ನ ಹಿಂದೆಯೂ ಮುಖ ಮರೆಸಿಕೊಳ್ಳಲು ಆಗುವುದಿಲ್ಲ. ಬಾಗಿಲಲ್ಲೇ ರಿಜಿಸ್ಟರಿಗೆ ಸಹಿ ಹಾಕಿ, ಎದೆಗೆ ಹೆಸರಿನ ಚೀಟಿ ಅಂಟಿಸಿಕೊಳ್ಳಬೇಕು. ವರ್ಷಗಟ್ಟಲೆ ಮೊಬೈಲ್ ಟವರುಗಳ ಜನರೇಟರ್ ಕಾದ ನನ್ನ ಚೀಟಿಯಲ್ಲಿ ಬರೀ ಹೆಸರಿತ್ತು, ಹುದ್ದೆ ಇರಲಿಲ್ಲ. ಆಮೇಲೆ ಟೀ ಕೊಡುತ್ತಾರೆ. ಟೀ ಚೆನ್ನಾಗಿಯೇ ಇರುತ್ತದೆ.

ನೈರೋಬಿಯ ನಮ್ಮ ಟೆಲಿಕಾಂ ಕಂಪನಿ ಇಡೀ ವಿಭಾಗವನ್ನು ಮುಚ್ಚಿದಾಗ, ಇಂಥ ಮೂರು ಬೆಳಗ್ಗೆಗಳ ಹಾಜರಿ ಕಡ್ಡಾಯ ಎಂದು ಹೇಳಿತು. ಬಾರದವರಿಗೆ ಬಿಡುಗಡೆ ಪತ್ರವಿಲ್ಲ. ಆ ಪತ್ರವಿಲ್ಲದೆ ಬೇರೆ ಯಾರೂ ನಮ್ಮನ್ನು ಸೇರಿಸಿಕೊಂಡು ವರ್ಕ್ ಪರ್ಮಿಟ್ ಮಾಡಿಸಲು ಮುಂದಾಗುತ್ತಿರಲಿಲ್ಲ. ತಿಂಗಳ ಕೊನೆಯೊಳಗೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು. ನನ್ನ ಚಿಂತೆ ನನಗೆ ಅಷ್ಟಿರಲಿಲ್ಲ. ಮಗಳು ಆ ವರ್ಷ ದೊಡ್ಡ ಪರೀಕ್ಷೆಗೆ ಕೂರುವವಳಿದ್ದಳು. ಏನೇ ಆದರೂ ಪರೀಕ್ಷೆ ಇಲ್ಲೇ ಬರೆಯುತ್ತೀಯ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ಸಭೆ ನಡೆಯುತ್ತಿದ್ದುದು ಕರೆನ್ ಎಂಬ ಬಡಾವಣೆಯ ಒಂದು ಹೋಟೆಲಿನಲ್ಲಿ. ಕಂಪನಿ ನನ್ನ ಕಾರನ್ನು ವಾಪಸು ತೆಗೆದುಕೊಂಡಿದ್ದರಿಂದ, ಲಂಗಾಟಾದ ಮನೆಯಿಂದ ನನ್ನನ್ನು ಕರೆದೊಯ್ಯುತ್ತಿದ್ದವನು ನನ್ನ ಗೆಳೆಯ. ನನ್ನ ಹಾಗೆಯೇ ಮೈಸೂರಿನವನು, ಅದೇ ವಿಭಾಗದವನು, ಅದೇ ದಿನ ಕೆಲಸ ಕಳೆದುಕೊಂಡವನು. ನಮ್ಮ ಹೆಣ್ಣುಮಕ್ಕಳಿಬ್ಬರೂ ಒಂದೇ ತರಗತಿ. ಒಬ್ಬಳ ನೋಟ್ಸ್ ಇನ್ನೊಬ್ಬಳ ಚೀಲದಲ್ಲಿರುತ್ತಿತ್ತು.

ಸಭೆ ನಡೆಸುತ್ತಿದ್ದ ಹೆಂಗಸು ಪ್ರತಿ ಮಾತಿನ ಕೊನೆಗೂ 'ಸವಾ?', ಅಂದರೆ ಸರಿನಾ, ಎಂದು ಸ್ವಾಹಿಲಿಯಲ್ಲಿ ಕೇಳಿ, ನಾವು ತಲೆಯಾಡಿಸುವವರೆಗೆ ಕಾಯುತ್ತಿದ್ದಳು. ಮೊದಲ ದಿನವೇ ಒಂದು ನಿಯಮ ಹೇಳಿದಳು. ಎಲ್ಲಿ ಕೆಲಸ ಖಾಲಿ ಇದೆ ಎಂಬುದು ಯಾರ ಕಿವಿಗೆ ಬಿದ್ದರೂ ಎಲ್ಲರೆದುರು ಹೇಳಬೇಕು. ಪಕ್ಕದಲ್ಲಿದ್ದ ಸ್ಥಳೀಯ ಡ್ರಾಫ್ಟ್ಸ್‌ಮನ್ ಎದ್ದು, ಯಾವುದೋ ಶಾಲೆಯಲ್ಲಿ ಇಬ್ಬರು ಬೇಕಂತೆ, ಜೊತೆಗೆ ಯಾರು ಬರುತ್ತೀರಿ ಎಂದು ಕೇಳಿದ. ಎಂಥ ಪೆದ್ದ ಎಂದುಕೊಂಡೆ. ನನ್ನ ಸರದಿ ಬಂದಾಗ, ನನಗೇನೂ ಗೊತ್ತಿಲ್ಲ ಎಂದೆ.

ಗೊತ್ತಿತ್ತು. ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ಉಡುಪಿಯವರೊಬ್ಬರು ಔಷಧ ಕಾರ್ಖಾನೆಯೊಂದರ ಮ್ಯಾನೇಜರ್. ಮೇಂಟೆನೆನ್ಸ್ ನೋಡಿಕೊಳ್ಳಲು ಒಬ್ಬರು ಬೇಕು, ಬೇಗ ಬಂದು ಕಾಣಿ ಎಂದಿದ್ದರು.

ಎರಡನೆಯ ದಿನ, ಗುರುವಾರ, ಜೋಡಿ ಮಾಡಿ ಒಬ್ಬರ ಬಯೋಡೇಟಾವನ್ನು ಇನ್ನೊಬ್ಬರು ತಿದ್ದಬೇಕೆಂದರು. ನಾನೂ ಗೆಳೆಯನೂ ಒಂದು ಜೋಡಿ. ಇಡೀ ಹಾಲಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಹೊರದೇಶದಲ್ಲಿ ನಮ್ಮಂಥವರಿಗೆಲ್ಲ ಇರುವ ಒಂದು ಹುಚ್ಚು ನಂಬಿಕೆ ನನಗೂ ಇತ್ತು: ಕನ್ನಡದಲ್ಲಿ ಆಡಿದ ಮಾತು ಮನೆಯೊಳಗೇ ಇರುತ್ತದೆ. ಔಷಧ ಕಾರ್ಖಾನೆ ಎಲ್ಲಿದೆ, ಅಲ್ಲಿನ ಬಾಯ್ಲರ್ ಯಾವುದು, ಯಾರನ್ನು ಕಾಣಬೇಕು, ಶುಕ್ರವಾರ ಹೋಗುತ್ತೇನೆ, ಎಲ್ಲವನ್ನೂ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲವಲ್ಲ ಎಂದು ಸುತ್ತಲೂ ಬೇರೆ ನೋಡಿದೆ.

ಅವನು ನನ್ನ ಕಾಗದವನ್ನು ಎರಡು ಸಲ ಓದಿದ. "ಇದನ್ನ ಹೀಗೇ ತಗೊಂಡು ಹೋಗ್ಬೇಡ ಮಾರಾಯ. ಫಾರ್ಮ್ಯಾಟೇ ಸರಿ ಇಲ್ಲ. ವೀಕೆಂಡ್ ಕೂತು ನಾನೇ ನೀಟಾಗಿ ಮಾಡ್ಕೊಡ್ತೀನಿ, ಮಂಡೇ ಹೋಗು" ಎಂದ. ನನಗೆ ಕಣ್ಣು ತೇವವಾಯಿತು. ಅವನಿಗೂ ಕೆಲಸವಿಲ್ಲ, ಆದರೂ ನನ್ನದನ್ನು ತಿದ್ದಲು ಕೂರುತ್ತಾನಲ್ಲ ಎಂದು ಹೆಂಡತಿಯ ಮುಂದೆ ಹೊಗಳಿದ್ದೇ ಹೊಗಳಿದ್ದು.

ಭಾನುವಾರ ಸಂಜೆ ತಂದುಕೊಟ್ಟ. ಚೆನ್ನಾಗಿಯೇ ಮಾಡಿದ್ದ, ಅದನ್ನು ಅಲ್ಲಗಳೆಯುವುದಿಲ್ಲ. ಸೋಮವಾರ ಎರಡು ಮಟಾಟು ವ್ಯಾನು ಹಿಡಿದು ಕಾರ್ಖಾನೆಗೆ ಹೋದೆ. ಉಡುಪಿಯವರು ಹೊರಗೆ ಬರಲಿಲ್ಲ. ಜಾಗ ತುಂಬಿದೆ ಎಂದು ರಿಸೆಪ್ಷನಿನ ಹುಡುಗಿ ಹೇಳಿದಳು. ನನ್ನ ಅದೃಷ್ಟವನ್ನು ಬೈದುಕೊಂಡು ವಾಪಸಾದೆ. ಗೆಳೆಯನ ನೆನಪೇ ಬರಲಿಲ್ಲ ನೋಡಿ, ಅಂಥ ಮಂಕುತನ.

ಬುಧವಾರ ಕೊನೆಯ ಸಭೆ. ತಿಂಗಳು ಮುಗಿಯಲು ಕೆಲವೇ ದಿನ ಉಳಿದಿದ್ದವು. ಡ್ರಾಫ್ಟ್ಸ್‌ಮನ್ನಿಗೂ ಅವನೊಡನೆ ಹೋದವನಿಗೂ ಶಾಲೆಯಲ್ಲಿ ಕೆಲಸ ಆಗಿತ್ತು. ಅವರಿಗೆ ಚಪ್ಪಾಳೆ ಬಿತ್ತು. ಆಮೇಲೆ ನನ್ನ ಗೆಳೆಯ ಎದ್ದು ನಿಂತ. ಔಷಧ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಮ್ಯಾನೇಜರ್ ಆಗಿದ್ದೇನೆ, ಶುಕ್ರವಾರವೇ ಮಾತಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದ. ಹೇಗೆ ಸಿಕ್ಕಿತು ಎಂದು ಆ ಹೆಂಗಸು ಕೇಳಿದಳು. ಸ್ನೇಹಿತರೊಬ್ಬರಿಂದ ತಿಳಿಯಿತು ಎಂದ. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ದುಂಡಗೆ ಕೂತಿದ್ದೆವಲ್ಲ, ತಟ್ಟದಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ಆ ಚಪ್ಪಾಳೆಗೆ ನನ್ನನ್ನು ನಾನು ಈಗಲೂ ಕ್ಷಮಿಸಿಲ್ಲ.

ಹೊರಗೆ ಅವನು ಕಾರಿನ ಬಾಗಿಲು ತೆರೆದು ನಿಂತಿದ್ದ. "ನಿಂಗೆ ಹೇಳೋಣ ಅಂತಾನೇ ಇದ್ದೆ. ನನ್ನ ಮಗಳದ್ದೂ ಎಕ್ಸಾಮ್ ಇದೆಯಲ್ಲಪ್ಪ" ಎಂದ. ಬಿಡುಗಡೆ ಪತ್ರ ಹಿಡಿದುಕೊಂಡು ಮಟಾಟು ನಿಲ್ಲುವ ಕಡೆಗೆ ನಡೆದೆ.

ಮನೆಯಲ್ಲಿ ಮಗಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ನಾವು ಹೊರಡಬೇಕು ಪುಟ್ಟಾ, ತಿಂಗಳ ಕೊನೆಗೆ, ಎಂದೆ. ಅವಳು ಅಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ತನ್ನ ಗೆಳತಿಯೂ ಹೋಗಬೇಕಾ ಎಂದು ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ, ಅವರಪ್ಪನಿಗೆ ಕೆಲಸ ಸಿಕ್ಕಿದೆ, ಅವರು ಇರುತ್ತಾರೆ ಎಂದೆ.

"ಥ್ಯಾಂಕ್ ಗಾಡ್" ಎಂದಳು ಮಗಳು. ಅವಳ ಮುಖ ನಿಜವಾಗಿಯೂ ಹಗುರಾಯಿತು. ತನ್ನ ನೋಟ್ಸ್‌ಗಳನ್ನೆಲ್ಲ ಒಂದೊಂದಾಗಿ ಜೋಡಿಸಿ, ನಾಳೆ ಆ ಹುಡುಗಿಗೆ ಕೊಡಲೆಂದು ಚೀಲಕ್ಕೆ ತುಂಬತೊಡಗಿದಳು.